ಹಸಿರನ್ನಷ್ಟೇ ಆರಿಸು

ಫ್ಲೈಯಿಂಗ್ ಸ್ಕೂಲ್ ಹಾಸ್ಟೆಲ್
೧೯ ಜನವರಿ ೨೦೨೫, ಭಾನುವಾರ

ಮುನಿಸಿಕೊಂಡಿರುವ ಯಾಸೀನಣ್ಣನಿಗೆ,

ಸಲಾಂ. ಸಲಾಮಿಗೆ ಮರುಸಲಾಂ ಹೇಳದಿದ್ದರೆ ಗುನಾಹ, ಪಾಪ ಎಂದು ಚಿಕ್ಕವಳಿದ್ದಾಗ ನನಗೆ ಕಲಿಸಿದವನು ನೀನೇ. ಹಾಗಾಗಿ ಈ ಸಾಲು ಓದಿದಾಗ ಮನಸ್ಸಿನಲ್ಲಾದರೂ ನನ್ನೊಂದಿಗೆ ಒಂದು ಮಾತು ಆಡಿರುತ್ತೀ. ಅಷ್ಟು ಸಾಕು. ವರ್ಷವಾಗುತ್ತ ಬಂತು, ನೀನು ನನ್ನ ಫೋನು ಎತ್ತುವುದಿಲ್ಲ, ಮೆಸೇಜು ತೆರೆಯುವುದಿಲ್ಲ. ಅದಕ್ಕೇ ಸ್ಟೇಷನ್ ರಸ್ತೆಯ ನಮ್ಮ ಅಂಗಡಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಬ್ಬಾ ಎದುರಿಗೆ ಕೂತಿರುವಾಗ, ಒಣದ್ರಾಕ್ಷಿ ಕೊಳ್ಳಲು ಗಿರಾಕಿಗಳು ನಿಂತಿರುವಾಗ, ಅಂಚೆಯವನು ಕೊಟ್ಟ ಲಕೋಟೆಯನ್ನು ಹರಿದು ಎಸೆಯುವಷ್ಟು ಒರಟು ನೀನಲ್ಲ.

ಮೊದಲು ಸುದ್ದಿ. ನನ್ನ ಪೈಲಟ್ ಲೈಸೆನ್ಸ್ ಬಂತು. ಅವ್ವ ಹೇಳಿರಬಹುದು, ಅವಳು ಹೇಳುವಾಗ ನೀನು ಎದ್ದು ಹೊರಗೆ ಹೋಗಿರಬಹುದು. ಪರೀಕ್ಷೆಯ ದಿನ ಮೇಲೆ ಹಾರುತ್ತಿದ್ದಾಗ ಪರೀಕ್ಷಕರು ಇದ್ದಕ್ಕಿದ್ದಂತೆ ಎಂಜಿನ್ನಿನ ಬಲ ಇಳಿಸಿ, ಎಂಜಿನ್ ನಿಂತಿದೆ ಅಂದುಕೋ, ಈಗ ಎಲ್ಲಿ ಇಳಿಸುತ್ತೀ ಎಂದು ಕೇಳಿದರು. ಎಡಕ್ಕೆ ಹಚ್ಚಗೆ ನುಣ್ಣಗೆ ಕಾಣುವ ಹೊಲ. ಅದು ದ್ರಾಕ್ಷಿ ತೋಟ, ಎಲೆಗಳ ಕೆಳಗೆ ಕಂಬವೂ ತಂತಿಯೂ ಇವೆ ಎಂದು ದ್ರಾಕ್ಷಿ ಬೆಳೆಯುವ ಟಿಕೋಟಾದವಳಿಗೆ ಯಾರಾದರೂ ಹೇಳಿಕೊಡಬೇಕೆ? ಬಲಕ್ಕೆ ಸೋಯಾ ಕೊಯ್ದು ಬಿಟ್ಟ ಬಯಲು ಆರಿಸಿಕೊಂಡೆ. ಆದರೂ ಗಾಬರಿಯಲ್ಲಿ ವಿಮಾನದ ಮೂಗು ಮೇಲೆತ್ತಿಬಿಟ್ಟೆ. ಪಕ್ಕದಲ್ಲಿ ನೀನಿದ್ದರೆ ‘ಮೂಗು ಕೆಳಗ ಹಿಡಿ, ಸ್ಪೀಡ್ ಬಿಡಬ್ಯಾಡ ಬೇ’ ಎಂದು ಬೈಯುತ್ತಿದ್ದೆ. ಆ ಬೈಗುಳ ನೆನೆದೇ ಕೆಳಗೆ ಬಂದೆ.

ನಿನ್ನ ಕೈ ನನ್ನ ಕೈಗಿಂತ ಹಗುರ. ಇದು ಸಮಾಧಾನಕ್ಕೆ ಬರೆದ ಮಾತಲ್ಲ. ಇಲ್ಲಿ ಇಬ್ಬರೂ ಕಲಿಯುವಾಗ ನಾನು ವಿಮಾನವನ್ನು ಕುಕ್ಕುತ್ತಿದ್ದೆ, ನೀನು ಇಳಿಸುತ್ತಿದ್ದೆ. ನಮಗೆ ಹಾರಲು ಕಲಿಸುವ ಕ್ಯಾಪ್ಟನ್ ಸಾಹೇಬರು ಇದನ್ನು ಎಲ್ಲರೆದುರೇ ಹೇಳಿದ್ದರು. ಹಾರುವ ಹುಚ್ಚು ಮೊದಲು ಹತ್ತಿದ್ದೂ ನಿನಗೇ, ನಾನು ನಿನ್ನ ಬೆನ್ನು ಹತ್ತಿ ಬಂದವಳು.

ಈಗ ನೀನು ಕೇಳಿದ್ದಕ್ಕೆ ಉತ್ತರ. ಸ್ಕೂಲಿನವರು ನಿನ್ನನ್ನು ಮನೆಗೆ ಕಳಿಸಿದ ದಿನ, ಹಾಸ್ಟೆಲ್ಲಿನ ಬಾಗಿಲಲ್ಲಿ ಚೀಲ ಹಿಡಿದು ನಿಂತು, ‘ನೀ ಹೇಳಿದೇನ?’ ಎಂದು ಕೇಳಿದೆ. ನಾನು ನೆಲ ನೋಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಪಾಡು. ಅಷ್ಟರಿಂದಲೇ ನೀನು ತಿಳಿದುಕೊಂಡೆ. ಇವತ್ತು ಬಾಯಿ ಬಿಟ್ಟು ಹೇಳುತ್ತೇನೆ. ಹೌದು, ನಾನೇ ಹೇಳಿದೆ. ಯಾರನ್ನೂ ಕೇಳಲಿಲ್ಲ, ಯಾರೂ ಹೇಳಿಕೊಡಲಿಲ್ಲ. ತಲೆ ನನ್ನದೇ, ನಾಲಿಗೆಯೂ ನನ್ನದೇ.

ಆ ಮಧ್ಯಾಹ್ನ ನಿನಗೆ ನೆನಪಿರಬೇಕು. ರೇಡಿಯೋ ಕೆಟ್ಟರೆ ಟವರಿನವರು ದೀಪ ತೋರಿಸುತ್ತಾರೆ. ಹಸಿರಾದರೆ ಇಳಿಯಬಹುದು, ಕೆಂಪಾದರೆ ಇಳಿಯಕೂಡದು. ಅದರ ಅಭ್ಯಾಸಕ್ಕೆಂದು ನಮ್ಮನ್ನೆಲ್ಲ ಬಯಲಲ್ಲಿ ನಿಲ್ಲಿಸಿದ್ದರು. ನೀನು ದೀಪ ನೋಡುತ್ತಿರಲಿಲ್ಲ, ನನ್ನ ತುಟಿ ನೋಡುತ್ತಿದ್ದೆ. ನನ್ನ ಬಾಯಿ ತೆರೆಯುವುದೇ ತಡ, ನಿನ್ನ ಉತ್ತರ ಮೊದಲು ಬರುತ್ತಿತ್ತು. ಒಮ್ಮೆ ನಾನು ಬೇಕೆಂದೇ ತುಟಿ ಬಿಗಿಹಿಡಿದೆ. ನೀನೂ ಸುಮ್ಮನಾದೆ.

ಸಂಜೆ, ಅವ್ವ ಕಳಿಸಿದ್ದ ಒಣದ್ರಾಕ್ಷಿಯನ್ನು ತಟ್ಟೆಗೆ ಸುರಿದೆ. ಹಸಿರೂ ಇತ್ತು, ಕಂದೂ ಇತ್ತು. ಹಸಿರನ್ನಷ್ಟೇ ಆರಿಸು ಎಂದೆ. ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ಮೊದಲ ದಿನ ಕೂಲಿಗೆ ಬಂದವರೂ ಮಾಡುವ ಕೆಲಸ. ನೀನು ನಾಲ್ಕು ಕಾಳು ಎತ್ತಿ ನನ್ನ ಮುಖ ನೋಡಿದೆ, ಆಮೇಲೆ ತಟ್ಟೆ ಸರಿಸಿ ನಕ್ಕೆ. ಕಣ್ಣಿನ ಪರೀಕ್ಷೆಯ ಬಣ್ಣದ ಚುಕ್ಕೆಗಳಲ್ಲಿ ಅಡಗಿರುವ ಅಂಕಿಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ ಎಂದು ನೀನೇ ಹೇಳಿದೆ. ‘ರೇಡಿಯೋ ಎಲ್ಲಿ ಕೆಡ್ತದ ಬಿಡ. ಸೋಲೋ ಮುಗೀಲಿ, ಆಮ್ಯಾಲ ನೋಡೂಣು’ ಎಂದೆ.

ಹಳೆಯದೆಲ್ಲ ನನಗೆ ಆಗ ಅರ್ಥವಾಯಿತು. ಶೆಡ್ಡಿನಲ್ಲಿ ನೀನು ಆರಿಸಿದ ಬುಟ್ಟಿಯಲ್ಲಿ ಕಂದು ಕಾಳು ಸಿಕ್ಕಾಗಲೆಲ್ಲ ಅವ್ವ ‘ಇವನ ಧ್ಯಾಸ ಎಲ್ಲಾ ಮುಗಲಾಗ ಐತಿ’ ಎಂದು ಬೆನ್ನಿಗೊಂದು ಏಟು ಕೊಡುತ್ತಿದ್ದಳು. ಬಬಲೇಶ್ವರದ ಮಾಮಾ ನಿನಗೆ ಮೈಗಳ್ಳ ಎಂದು ಹೆಸರಿಟ್ಟರು. ಕೊನೆಗೆ ಆರಿಸುವವರ ಸಾಲಿನಿಂದ ಎಬ್ಬಿಸಿ ತಕ್ಕಡಿಯ ಮುಂದೆ ಕೂರಿಸಿದರು. ದಿನ ಬೆಳಗಾದರೆ ಬಣ್ಣ ನೋಡಿ ಬದುಕುವ ಮನೆ ನಮ್ಮದು, ಆದರೆ ಒಬ್ಬರಿಗೂ ನಿನ್ನ ಕಣ್ಣಿನ ಮೇಲೆ ಸಂಶಯ ಬರಲಿಲ್ಲ. ಎಲ್ಲರಿಗೂ ನಿನ್ನ ಬುದ್ಧಿಯ ಮೇಲೆಯೇ ಸಂಶಯ. ಇದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮರುದಿನವೇ ನಿನ್ನ ಸೋಲೋ ಇತ್ತು, ಪಕ್ಕದಲ್ಲಿ ಯಾರೂ ಇಲ್ಲದೆ ನೀನೊಬ್ಬನೇ ಹಾರುವ ಮೊದಲ ದಿನ. ಇಳಿದ ಮೇಲೆ ತಲೆಯ ಮೇಲೆ ನೀರು ಸುರಿಯುವುದು ಇಲ್ಲಿಯ ರೂಢಿ. ಹುಡುಗರು ಬೆಳಿಗ್ಗೆಯೇ ಬಕೆಟ್ ತುಂಬಿ ಇಟ್ಟಿದ್ದರು. ನಾನು ಅದನ್ನು ದಾಟಿಕೊಂಡೇ ಕ್ಯಾಪ್ಟನ್ ಸಾಹೇಬರ ಕೋಣೆಗೆ ಹೋದೆ. ಅವರು ನಿನ್ನನ್ನು ಮತ್ತೆ ಡಾಕ್ಟರ ಹತ್ತಿರ ಕಳಿಸಿದರು, ಡಾಕ್ಟರು ಪುಟಗಳನ್ನು ಹಿಂದೆ ಮುಂದೆ ಮಾಡಿ ತೋರಿಸಿದರು, ನಿನ್ನ ಬಾಯಿಪಾಠ ಕೆಲಸಕ್ಕೆ ಬರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಸಂಜೆ ನಾನೇ ಅದನ್ನು ಬೇವಿನ ಗಿಡದ ಬುಡಕ್ಕೆ ಸುರಿದು ಅಲ್ಲೇ ಕೂತು ಅತ್ತೆ.

ಕ್ಷಮೆ ಕೇಳುವುದಿಲ್ಲ ಅಣ್ಣಾ. ಅದೇ ದಿನ ಮತ್ತೆ ಬಂದರೂ ಅದೇ ಕೋಣೆಗೆ ಹೋಗುತ್ತೇನೆ. ನೀನು ಕೆಂಪನ್ನು ಹಸಿರೆಂದುಕೊಂಡು ಇಳಿದು, ರನ್‌ವೇ ಮೇಲೆ ಇನ್ನೊಂದು ವಿಮಾನವಿದ್ದು, ಆಮೇಲೆ ನಾನು ಯಾವ ಮುಖ ಹೊತ್ತು ಟಿಕೋಟಾಕ್ಕೆ ಬರಬೇಕಿತ್ತು? ಆದರೆ ತಪ್ಪು ಮಾಡಿಲ್ಲ ಎಂಬ ಮಾತ್ರಕ್ಕೆ ಸಂಕಟ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡ. ನೆಂಟರ ಹುಡುಗಿ ನಜಮಾಳ ಮದುವೆಯಲ್ಲಿ ಮಾಮಾ ‘ಹುಡುಗಿ ಹಾರಾಕತ್ತಾಳ, ಹುಡುಗ ತಕ್ಕಡಿ ಹಿಡಕೊಂಡ ಕುಂತಾನ’ ಎಂದು ಪಂಕ್ತಿಯಲ್ಲೇ ನಕ್ಕರಂತೆ, ನೀನು ಅರ್ಧ ಊಟಕ್ಕೆ ಎದ್ದೆಯಂತೆ. ಕೇಳಿದ ದಿನ ನನಗೂ ಅನ್ನ ಇಳಿಯಲಿಲ್ಲ. ನಾನು ಗೆದ್ದಾಗಲೆಲ್ಲ ಊರು ಅದೇ ಕೋಲಿನಿಂದ ನಿನ್ನನ್ನು ಹೊಡೆಯುತ್ತದೆ ಎಂಬುದು ನನಗೆ ಗೊತ್ತು.

ಬರೆಯಲು ಕೂತ ಕಾರಣ ಇನ್ನೂ ಹೇಳಿಲ್ಲ. ಲೈಸೆನ್ಸ್ ಬಂದ ಮೇಲೆ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಲು ಸಾಹೇಬರು ಒಪ್ಪಿದ್ದಾರೆ. ಯಾರನ್ನು ಕರೆಸುತ್ತೀ ಎಂದು ಎಲ್ಲರೂ ಕೇಳುತ್ತಿದ್ದಾರೆ. ನಾನು ನಿನ್ನ ಹೆಸರು ಹೇಳಿಬಿಟ್ಟಿದ್ದೇನೆ. ಮೇಲೆ ಹೋದಾಗ ವಿಮಾನವನ್ನು ನಿನ್ನ ಕೈಗೆ ಕೊಡಲಾರೆ, ಈಗಲೇ ಹೇಳಿಬಿಡುತ್ತೇನೆ, ಆಸೆ ಹುಟ್ಟಿಸಿ ಕರೆಯುವುದು ನನಗಿಷ್ಟವಿಲ್ಲ. ನಾನು ಕುಕ್ಕಿದರೆ ಬೈಯಲಿಕ್ಕಾದರೂ ಬಾ. ದಾರಿಯುದ್ದಕ್ಕೂ ಮಾತಾಡದಿದ್ದರೂ ನಡೆದೀತು. ನೀನು ಬರುವವರೆಗೆ ಆ ಸೀಟಿನಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ.

ನೀನು ಬೇಡವೆಂದರೂ ನಿನ್ನ ತಂಗಿಯೇ ಆಗಿರುವ,
ಸೈಮಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಯಾರನ್ನೂ ಕೇಳಲಿಲ್ಲ ಎಂದೆನಲ್ಲ, ಅವ್ವನನ್ನು ಕೇಳಿದ್ದೆ. ತಟ್ಟೆಯ ಸಂಗತಿಯನ್ನು ಫೋನಿನಲ್ಲಿ ಹೇಳಿದಾಗ ಅವಳು ‘ಅಂವಗ ಕಾಣತಿರಲಿಲ್ಲೇನ? ಕಾಣದ ಕೂಸಿಗೆ ನಾ ಹೊಡದ್ನಲ್ಲ ಬೇ’ ಎಂದು ಅತ್ತಳು. ಅತ್ತು ಮುಗಿಸಿ, ‘ಹೋಗಿ ಹೇಳ. ನನಗ ಮಗಾ ಬೇಕು, ಪೈಲಟ್ ಬ್ಯಾಡ. ಅಂವ ಕೇಳಿದ್ರ ಅವ್ವನ ಹೇಳಿಸ್ಯಾಳ ಅನ್ನು. ನಾ ಎಷ್ಟ ದಿನ ಇರ್ತೀನಿ? ಮುಂದ ನೀವಿಬ್ಬರ ಇರಾವ್ರು’ ಎಂದಳು. ನೀನು ದಿನಾ ಅವಳ ಕೈಯ ರೊಟ್ಟಿ ಉಣ್ಣುವವನು, ಅದು ಕಹಿಯಾಗುವುದು ಬೇಡವೆಂದು ಎಲ್ಲವನ್ನೂ ನನ್ನ ಮೇಲೆ ಇಟ್ಟುಕೊಂಡೆ. ಆದರೆ ಅಂದಿನಿಂದ ಅವಳು ನಿನಗೆ ಬಡಿಸಿ ತಾನು ಒಳಗೆ ಹೋಗಿ ಉಣ್ಣುತ್ತಾಳಂತೆ, ನಿನ್ನ ಎದುರು ಕೂರಲು ಅವಳಿಗೆ ಆಗುತ್ತಿಲ್ಲ. ನನಗೆ ಉತ್ತರ ಬರೆಯದಿದ್ದರೆ ಬೇಡ, ಇಲ್ಲಿಗೆ ಬರದಿದ್ದರೂ ಬೇಡ. ಇವತ್ತು ಮನೆಗೆ ಹೋಗಿ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣು.