ನೀರು ಮುಟ್ಟದ ಚಂಪಾ

ಎರಡನೇ ಬೇಸಿಗೆ, ಹದಿಮೂರನೇ ತಿಂಗಳ ಒಂಬತ್ತು, ೨೨೧೪

ಸೋನಾಬಾಯಿ ಅಜ್ಜಿಯವರಿಗೆ ಏಳನೇ ತಲೆಮಾರಿನ ಮಂದಾಕಿನಿಯ ನಮಸ್ಕಾರಗಳು.

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನೀವು ಪ್ರಾಣಿಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಸ್ ಈಗ ಇಲ್ಲ. ನೀವು ಲಾರಿಯಲ್ಲಿ ಊರೂರು ಕರೆದೊಯ್ಯುತ್ತಿದ್ದ ಕುದುರೆಗಳ ಸಂತತಿ ಮಾತ್ರ ನಮ್ಮ ಮನೆಯಲ್ಲೇ ಬೆಳೆದುಕೊಂಡು ಬಂದಿದೆ. ವರ್ಷದ ಎರಡನೇ ಬೇಸಿಗೆಯಲ್ಲಿ ಗದಗಿನ ಜನ ದನಕರುಗಳನ್ನು ಹಿಮಾಲಯದ ತಪ್ಪಲಿಗೆ ಕಳಿಸುತ್ತಾರೆ. ಇದಕ್ಕೆ ಬಿಸಿಲುಗುಳೆ ಎಂದು ಹೆಸರು. ಈ ಸಲ ಸೆಕೆ ತಡೆಯಲಾರದೆ ನಾನೂ ಚಂಪಾ ಎಂಬ ಕುದುರೆಯನ್ನೂ ಅದರ ಮರಿಯನ್ನೂ ಮೊದಲ ಬಾರಿಗೆ ಕರೆದುಕೊಂಡು ಹೊರಟೆ. ನಮ್ಮ ತೇಲುಬಂಡಿ ನೆಲಕ್ಕೆ ತಾಗುವುದಿಲ್ಲ, ಕುಲುಕುವುದಿಲ್ಲ, ಐದು ದಿನ ಎಲ್ಲೂ ನಿಲ್ಲುವುದೂ ಇಲ್ಲ.

ಕೈಯಲ್ಲಿ ಪ್ರಾಣಿಗಳ ಆರೈಕೆಯ ಬಗ್ಗೆ ನೀವು ಬರೆದಿಟ್ಟ ನೋಟುಪುಸ್ತಕವಿತ್ತು. ಎಷ್ಟು ಮುತುವರ್ಜಿ ನಿಮ್ಮದು! ನಾಯಿಗಳ ಜಗಳಕ್ಕೇ ಎರಡು ಪುಟ ಕೊಟ್ಟಿದ್ದೀರಿ. ಕುದುರೆಗೆ ದಾರಿಯಲ್ಲಿ ನಾಲ್ಕು ತಾಸಿಗೊಮ್ಮೆ ನೀರು, ಆಮೇಲೆ ಒಂದು ಉಂಡೆ ಬೆಲ್ಲ ಎಂದಿದ್ದೀರಿ. ಗಡಿಯಾರ ನೋಡಿ ಹಾಗೇ ಮಾಡಿದೆ. ಚಂಪಾ ಬಕೆಟ್ಟನ್ನು ಮೂಸಿ ಮುಖ ತಿರುಗಿಸಿತು. ಎರಡು ದಿನ ಒಂದು ಗುಟುಕೂ ಕುಡಿಯಲಿಲ್ಲ. ಹಾಲು ಬತ್ತಿತು, ಮರಿ ಸೊರಗಿತು. ಮೂರನೇ ದಿನ ಹೊಟ್ಟೆನೋವಿಗೆ ಚಂಪಾ ತನ್ನ ಪಕ್ಕೆಯನ್ನೇ ಕಚ್ಚಿಕೊಳ್ಳತೊಡಗಿತು. ಹಟಹಿಡಿದು ಬಂಡಿಯನ್ನು ದಾರಿಯಲ್ಲೇ ನಿಲ್ಲಿಸಿದೆ.

ಅಲ್ಲಿ ದಾರಿಯ ಕಾವಲಿಗಿದ್ದವರು ನಮ್ಮ ಗದಗಿನ ಕಡೆಯವರೇ ಆದ ಇಮಾಮಣ್ಣ. ಅವರ ಹಿರಿಯರು ಟಾಂಗಾ ಓಡಿಸಿದವರಂತೆ. ಬಂಡಿಯೊಳಗೆ ಇಣುಕಿ ನನ್ನನ್ನೇ ಗದರಿದರು: “ಮೂರ ದಿನ ಆತು, ಕೆಳಗ ಇಳಿಸೇ ಇಲ್ಲೇನವ್ವಾ? ಕುದರಿ ಮಣ್ಣಾಗ ಹೊರಳಿ ಮೈ ಕೊಡವಿದ ಮ್ಯಾಲೇ ನೀರಿಗೆ ಬಾಯಿ ಹಾಕತೈತಿ. ಇದನ್ನೂ ಯಾರರ ಹೇಳಿಕೊಡಬೇಕೇನು?”

ಹೇಳಿಕೊಡಬೇಕಿತ್ತು, ಅಜ್ಜಿ. ಮನೆಯ ಅಂಗಳದಲ್ಲಿ ಅವು ತಾವಾಗಿಯೇ ಹೊರಳುತ್ತಿದ್ದವು, ನಾನು ಗಮನಿಸಿರಲಿಲ್ಲ. ಲಾರಿ ನಿಂತ ಕಡೆಯೆಲ್ಲ ಹಲಗೆ ಇಳಿಬಿಟ್ಟು ನೀವು ಅವುಗಳನ್ನು ಹೊರಳಲು ಬಿಡುತ್ತಿದ್ದಿರಬೇಕು. ಅದು ನಿಮಗೆ ಉಸಿರಾಟದಷ್ಟೇ ಸಹಜ, ‘ಇವತ್ತು ಉಸಿರಾಡಿದೆ’ ಎಂದು ಯಾರು ತಾನೆ ಬರೆದಿಡುತ್ತಾರೆ? ನಿಮ್ಮ ಮೇಲೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯಿತು. ಓದಿದ್ದನ್ನಷ್ಟೇ ನಂಬಿ ಎದುರಿಗಿದ್ದ ಜೀವವನ್ನು ನೋಡದವಳು ನಾನು.

ಇಬ್ಬರೂ ಸೇರಿ ಇಳಿಸಿದೆವು. ಚಂಪಾ ಮಣ್ಣಿಗೆ ಮೈಯೊಡ್ಡಿ ಮಲಗಿತು, ಹೊರಳಲು ಕಾಲಲ್ಲಿ ಬಲವಿರಲಿಲ್ಲ, ಮತ್ತೆ ಏಳಲಿಲ್ಲ. ಮರಿ ಪಕ್ಕದಲ್ಲೇ ಹೊರಳಿ ಎದ್ದು ಮೈ ಕೊಡವಿ ಬಕೆಟ್ಟಿಗೆ ಮೂತಿಯಿಟ್ಟಿತು.

ಈ ಕಾಗದ ನಿಮ್ಮನ್ನು ಮುಟ್ಟುವುದಾದರೆ ಒಂದೇ ಬೇಡಿಕೆ. ಎಲ್ಲರಿಗೂ ಗೊತ್ತಿರುವುದೇ ಎಂದು ಏನನ್ನೂ ಬಿಡಬೇಡಿ. ನಿಮ್ಮ ಕೈ ತಾನಾಗಿ ಮಾಡುವ ಕೆಲಸವನ್ನೇ ಮೊದಲು ಬರೆಯಿರಿ. ಮರಿಗಿನ್ನೂ ಎರಡು ದಿನದ ದಾರಿಯಿದೆ, ನನಗೆ ಇನ್ನೇನೇನು ಗೊತ್ತಿಲ್ಲವೋ ಅದೂ ನನಗೆ ಗೊತ್ತಿಲ್ಲ.