ನಾನು ಅಳಿಸಿದ ಐದು

ಅತ್ತಿಗೆ,

ನಿಮ್ಮನ್ನು ಎಬ್ಬಿಸಿ ಹೇಳಲು ಮುಖವಿಲ್ಲ, ಬೆಳಗಿನ ಪಾಳಿಗೂ ಹೊತ್ತಾಯಿತು. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಡುವ ಮೊದಲು ಇದನ್ನು ಓದಿ.

ನಿನ್ನೆ ಟೈಟ್ರೇಶನ್ ಸಮೀಕರಣದಲ್ಲಿ ಕಬ್ಬಿಣಕ್ಕೆ ನೀವು ಹಾಕಿದ್ದ ಐದೇ ಸರಿ. ಎರಡೂ ಕಡೆ ಐದು. ನಾನು ಪರಮಾಣುಗಳನ್ನಷ್ಟೇ ಎಣಿಸಿ ಅದನ್ನು ಅಳಿಸಿಬಿಟ್ಟೆ. ಈಗ ಹಲ್ಲುಜ್ಜುತ್ತಾ ಚಾರ್ಜ್ ಕೂಡಿಸಿ ನೋಡಿದರೆ ಐದಿಲ್ಲದೆ ಎರಡು ಕಡೆಯೂ ಸಮವಾಗಲೇ ಇಲ್ಲ. ಪರ್ಮಾಂಗನೇಟ್ ಐದು ಎಲೆಕ್ಟ್ರಾನ್ ಕೇಳುತ್ತದೆ, ಒಂದು ಕಬ್ಬಿಣ ಕೊಡುವುದು ಒಂದನ್ನೇ. ನಾನು ಓದಿದ ಸಂಜೆ ಕಾಲೇಜಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು. ನನ್ನ ಮಾತು ಕೇಳಿ ಐದು ಬಿಟ್ಟರೆ ಇವತ್ತು ನಿಮ್ಮ ಉತ್ತರ ಐದನೇ ಒಂದು ಪಾಲಿಗೆ ಇಳಿಯುತ್ತದೆ.

ನೀವು ಕಾರಣ ಹೇಳಲು ಬಾಯಿ ತೆರೆದಿರಿ. ನಾನೇ, "ಇದೇನು ಅಡುಗೆಗೆ ಉಪ್ಪಾ ಅತ್ತಿಗೆ, ಅಂದಾಜಿಗೆ ಹಾಕೋಕೆ?" ಅಂದೆ. ಅಣ್ಣ ನಕ್ಕು, "ಈ ವಯಸ್ಸಲ್ಲಿ ಇವಳಿಗೆ ಇದೆಲ್ಲ ಯಾಕೆ ಅಂತ ನಾನು ಹೇಳ್ಲಿಲ್ವಾ?" ಅಂದ. ನೀವು ಪಾತ್ರೆ ತೊಳೆಯಲು ಎದ್ದು ಹೋದಿರಿ. ಆ ನಲ್ಲಿಯ ಸದ್ದು ಇನ್ನೂ ಕಿವಿಯಲ್ಲಿದೆ.

ನನ್ನ ಬಿಳಿ ಕೋಟು ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದ್ದೇನೆ, ಹಾಕಿಕೊಂಡು ಹೋಗಿ. ಬ್ಯುರೆಟ್‌ನ ತಿರುಪು ಸೋರುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ನನ್ನ ಈ ಒಂದು ಮಾತನ್ನಾದರೂ ನಂಬಬಹುದು.

ನಿಮ್ಮನ್ನು ಆಡಿಕೊಂಡಿದ್ದು ಅಣ್ಣನ ಎದುರಿಗೆ, ಚೀಟಿಯಲ್ಲಿ ಒಪ್ಪಿಕೊಂಡರೆ ಸಾಲದು. ಅವನು ಗಡ್ಡ ಹೆರೆಯುವ ಕನ್ನಡಿಯ ಮೇಲೆ ಸೋಪಿನಲ್ಲಿ ದಪ್ಪಗೆ ಬರೆದಿದ್ದೇನೆ: "ಅತ್ತಿಗೆಯ ಐದೇ ಸರಿ. ತಪ್ಪು ನನ್ನದು."

ಅವನು ಏಳುವ ಮೊದಲು ಒರೆಸಿಬಿಡಬೇಡಿ. ನಿಮ್ಮ ಸ್ವಭಾವ ನನಗೆ ಗೊತ್ತು.

ನಾದಿನಿ