ಸೆಪ್ಟೆಂಬರಿನ ಸ್ವೆಟರುಗಳು

ಬುಸೈತೀನ್, ಬಹರೈನ್,
ಸೆಪ್ಟೆಂಬರ್ 9, 2007

ಅರಬ್ಬೀ ಕೊಲ್ಲಿಯ ಸಮಸ್ತ ಮೋಡಗಳ ಒಡೆಯರೂ, ಮಂಜಿನ ಮಹಾಮಂಡಲೇಶ್ವರರೂ, ಶಮಾಲ್ ಗಾಳಿಗೆ ಬೀಸಲು ಅಪ್ಪಣೆ ಕೊಡುವವರೂ, ಪ್ರತಿ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಚಹಾ ಕುಡಿದ ಮೇಲೆ ಆಕಾಶವನ್ನು ಮಡಚಿ ಜೇಬಿಗಿಟ್ಟುಕೊಂಡು ಮನೆಗೆ ಹೋಗುವವರೂ ಆದ ರಾಜಮಾನ್ಯ ರಾಜಶ್ರೀ ಎಡ್ಮಂಡ್ ಅಂಕಲ್ ಅವರ ಪಾದಾರವಿಂದಗಳಲ್ಲಿ, ಎವ್ಲಿನ್ ನರ್ಸಮ್ಮನ ಮಗ ಓಲಿವರನ ವಿಜ್ಞಾಪನೆ.

ನಾನು ಕ್ಷೇಮ. ನೀವು ಮೊನ್ನೆಯಿಂದ ಕ್ಷೇಮಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದೀರೆಂದು ಕೇಳಿದೆ.

ಕನ್ನಡದಲ್ಲಿ ಯಾಕೆ ಬರೆದ ಎಂದು ಹುಬ್ಬೇರಿಸಬೇಡಿ. ಕೊಂಕಣಿಯಲ್ಲಿ ಬೈದರೆ ನೀವು ಅದನ್ನು ಪ್ರೀತಿ ಎಂದು ತಿಳಿಯುತ್ತೀರಿ. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನ ಧಾಟಿಯಲ್ಲಿ ಉತ್ತರ ಬರುತ್ತದೆ. ಕನ್ನಡ ನಮ್ಮಿಬ್ಬರಿಗೂ ಶಾಲೆಯ ಭಾಷೆ. ಬೆಂಚಿನ ಮೇಲೆ ನಿಲ್ಲಿಸುವ ಕೆಲಸ ಆ ಭಾಷೆಯಲ್ಲೇ ಚೆನ್ನಾಗಿ ಆಗುತ್ತದೆ. ದಯವಿಟ್ಟು ಹತ್ತಿ ನಿಲ್ಲಿ.

ಕಳೆದ ಮಾರ್ಚಿನ ನನ್ನ ನಾಟಕ ನಿಮಗೆ ನೆನಪಿರಬಹುದು. ಪ್ರತಿ ವರ್ಷ ನಮ್ಮವರ ನಾಟಕದಲ್ಲಿ ಸಾಹುಕಾರ ಎಂದರೆ ನೀವೇ. ಮೀಸೆ ಕೂಡ ನಿಮ್ಮ ಸ್ವಂತದ್ದು. ಈ ಸಲ ನಾನು ಸಾಹುಕಾರನನ್ನು ತೆಗೆದು ಸಾಹುಕಾರ್ತಿಯನ್ನು ತಂದೆ, ಪಾತ್ರವನ್ನು ಮಮ್ಮಿಗೆ ಕೊಟ್ಟೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಬೇರೆಯವರ ನೋವಿನ ಪಕ್ಕ ನಿಂತು ಮೆಲ್ಲಗೆ ಮಾತಾಡಿದವಳು ಅವಳು. ಒಮ್ಮೆಯಾದರೂ ಜನರೆದುರು ಗಟ್ಟಿಯಾಗಿ ಕಿರುಚಬೇಕು ಎಂದು ಆಸೆಪಟ್ಟಿದ್ದಳು. ಡ್ಯೂಟಿಯಿಂದ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಅಡುಗೆಮನೆಯಲ್ಲಿ ನನ್ನನ್ನೇ ಆಳು ಮಾಡಿಕೊಂಡು ಬೈದು ಬೈದು ಮಾತು ಕಲಿತಳು.

ನಾಟಕದ ದಿನ ಪೂಜೆಯ ನಂತರ ನೀವು ಕುರ್ಚಿ ಹತ್ತಿರ ಎಳೆದುಕೊಂಡು, ಕಣ್ಣು ಅರ್ಧ ಮುಚ್ಚಿ, ಸಂಜೆ ಭಯಂಕರ ಶಮಾಲ್ ಬರ್ತದೆ, ಧೂಳು ಉಂಟು, ಮಕ್ಕಳನ್ನು ಹೊರಗೆ ಬಿಡ್ಬೇಡಿ ಎಂದು ಸಾರಿದಿರಿ. ನಮ್ಮ ರಂಗಸ್ಥಳವೋ, ಬಿಲ್ಡಿಂಗಿನ ಹಿಂದಿನ ಬಯಲು. ಮಾಲೀಕ ಅಬ್ದುಲ್ಲ ಪಾಪ ತನ್ನ ಮಜ್ಲಿಸ್ ಚಾವಡಿಯ ಕುರ್ಚಿಗಳನ್ನೆಲ್ಲ ಹೊರಗೆ ಹಾಕಿಸಿದ್ದ. ಆ ಕುರ್ಚಿಗಳಲ್ಲಿ ಅವನನ್ನೂ ಅವನ ಮಕ್ಕಳನ್ನೂ ಬಿಟ್ಟರೆ ಒಂದು ಬೆಕ್ಕು ಕೂತಿತ್ತು. ಗಾಳಿ? ಅಬ್ದುಲ್ಲ ಹಚ್ಚಿದ ಬೆಂಕಿಕಡ್ಡಿ ಕೂಡ ಆರಲಿಲ್ಲ ಅಂಕಲ್. ಮಮ್ಮಿ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡಿದಳು. ಆಮೇಲೆ, "ಇರ್ಲಿ ಮಗಾ, ನಂಗೂ ನಾಳೆ ಬೆಳಿಗ್ಗೆ ಡ್ಯೂಟಿ ಉಂಟು" ಎಂದು ಟಿಶ್ಯೂ ತೆಗೆದು ತುಟಿಯ ಬಣ್ಣ ಒರೆಸಿಕೊಂಡಳು. ಏಪ್ರಿಲಿನಲ್ಲಿ ಅವಳ ಕಾಂಟ್ರಾಕ್ಟ್ ಮುಗಿಯಿತು, ಊರಿಗೆ ಹೋದಳು. ಏರ್‌ಪೋರ್ಟಿನಲ್ಲಿ ಎಲ್ಲರೂ ಅತ್ತರು, ನೀವೂ ಕರವಸ್ತ್ರ ತೆಗೆದಿರಿ. ಆ ಕರವಸ್ತ್ರ ನೋಡಿದ ಕ್ಷಣದಲ್ಲೇ ನಾನು ಶಪಥ ಮಾಡಿದೆ: ಈ ಮನುಷ್ಯನಿಗೆ ಅವನ ಆಕಾಶದಿಂದಲೇ ಪೆಟ್ಟು ಬೀಳಬೇಕು.

ಈಗ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಜೂನ್ ತಿಂಗಳಿಂದ ನಿಮಗೆ ಈಮೇಲಿನಲ್ಲಿ ಬರುತ್ತಿರುವ 'ಕೊಲ್ಲಿ ವಲಯ ಹವಾಮಾನ ಮುನ್ನೋಟ' ಇದೆಯಲ್ಲ, ಅದರ ಪ್ರಧಾನ ನಿರ್ದೇಶಕ ಡಾಕ್ಟರ್ ಅಬ್ದುಲ್ ಅಜೀಜ್ ಎಂಬವರು ಹುಟ್ಟಿಯೇ ಇಲ್ಲ. ನಾನು ದುಡಿಯುವ ಅಸ್ಕರಿನ ಕಾರ್ಖಾನೆಯ ಸ್ಟೋರ್‌ನಲ್ಲಿ ಮಧ್ಯಾಹ್ನ ಊಟ ಬಿಟ್ಟು ಅದನ್ನು ಟೈಪ್ ಮಾಡುತ್ತಿದ್ದವನು ಈ ವಿನಮ್ರ ಸೇವಕ. ಮೊದಮೊದಲು ನಿಜವಾದ ಮುನ್ಸೂಚನೆಗಳನ್ನೇ ಕದ್ದು ಕಳಿಸಿದೆ. ಸೆಖೆ ಎಂದರೆ ಸೆಖೆ, ಧೂಳು ಎಂದರೆ ಧೂಳು. ನೀವು ಎಷ್ಟು ಮರುಳಾದಿರೆಂದರೆ, ಕ್ರಿಸ್‌ಮಸ್‌ಗೆ ವಾಯೊಲೆಟ್ ಆಂಟಿ ಮಾಡುವ ಕುಸ್ವಾರ್ ತಿಂಡಿ ಕಳಿಸುತ್ತೇನೆ, ವಿಳಾಸ ಕೊಡಿ ಎಂದು ಡಾಕ್ಟರರನ್ನೇ ಕೇಳಿದಿರಿ.

ಆಮೇಲೆ ಬಾಂಬು ಹಾಕಿದೆ. ಮೇರಿಯಮ್ಮನ ಹೊಸ ತೆನೆಯ ಮೊಂತಿ ಹಬ್ಬದ ಶುಕ್ರವಾರ ಉತ್ತರದ ಪರ್ವತಗಳಿಂದ ಅಕಾಲಿಕ ಶೀತ ಮಾರುತ, ಬೆಳಿಗ್ಗೆ ದಟ್ಟ ಮಂಜು, ಆಮೇಲೆ ಕೊರೆಯುವ ಗಾಳಿ, ಉಣ್ಣೆ ಬಟ್ಟೆ ಧರಿಸುವುದು ಕ್ಷೇಮ. ಮಂಜು ಸೇರಿಸಿದ್ದು ಸುಮ್ಮನೆ, ವಾಕ್ಯ ಗಂಭೀರವಾಗಲಿ ಎಂದು. ಸೆಪ್ಟೆಂಬರಿನ ಬಹರೈನಿನಲ್ಲಿ, ಸ್ಟೀಲ್ ಲೋಟ ಬಿಸಿಲಿಗಿಟ್ಟರೆ ಮುಟ್ಟಲಾಗದ ಊರಿನಲ್ಲಿ, ನೀವು ಅದನ್ನು ಎಲ್ಲರೆದುರು ಒಂದು ಅಕ್ಷರ ಬಿಡದೆ ಓದಿದಿರಿ!

ಹಬ್ಬದ ಬೆಳಿಗ್ಗೆ ಇಗರ್ಜಿಯ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದೆ. ಸೂಟ್‌ಕೇಸಿನ ತಳದಿಂದ ಎದ್ದ ಸ್ವೆಟರುಗಳು, ಮಫ್ಲರುಗಳು, ನುಸಿಗುಳಿಗೆಯ ವಾಸನೆ. ಹೂವಿನ ಬುಟ್ಟಿ ಹಿಡಿದ ಮಕ್ಕಳ ತಲೆಯ ಮೇಲೆ ಮಂಗನ ಟೋಪಿ. ನಿಮ್ಮ ರೆಶ್ಮಾ ಶಾಲು ತೆಗೆಯಲು ಹೋದರೆ ವಾಯೊಲೆಟ್ ಆಂಟಿ ಬೆವರು ಒರೆಸಿಕೊಳ್ಳುತ್ತಲೇ ಗದರಿಸಿದರು: "ತೆಗೀಬೇಡ! ಡ್ಯಾಡಿ ಹೇಳಿದ್ದಾರಲ್ಲ, ಚಳಿ ಇನ್ನೂ ದಾರಿಯಲ್ಲಿ ಉಂಟಂತೆ."

ಇನ್ನೇನು ಜನ ನಗಬೇಕು, ನೀವು ನೆಲ ನೋಡಬೇಕು. ಅಷ್ಟರಲ್ಲಿ ಯಾರದೋ ಮೊಬೈಲ್ ಬಡಿದುಕೊಂಡಿತು. ಮಂಜು! ನಾವು ಸೆಖೆಯ ಹಬೆ ಅಂದುಕೊಂಡಿದ್ದು ಮುಹರಕ್ ಏರ್‌ಪೋರ್ಟಿನ ಕಡೆ ಬಿಳಿ ಗೋಡೆಯಾಗಿ ನಿಂತಿತ್ತಂತೆ. ಮುಂಬೈಯಿಂದ ಬಂದ ವಿಮಾನ ಮೇಲೆ ಮೇಲೆ ಸುತ್ತು ಹಾಕಿ ಸೌದಿಯ ದಮ್ಮಾಮಿಗೆ ಹೋಗಿ ಇಳಿಯಿತಂತೆ. ನಮ್ಮ ಹೊಸ ತೆನೆ ತರಬೇಕಾಗಿದ್ದ ಕ್ಲೆಮೆಂಟ್ ಅದೇ ವಿಮಾನದಲ್ಲಿ ಬರುವವನು. ತೆನೆ ಇಲ್ಲದ ಮೊಂತಿ ಹಬ್ಬ! ಫಾದರ್ ಏನನ್ನು ಆಶೀರ್ವದಿಸಬೇಕು, ಮನೆಗಳಲ್ಲಿ ಹೊಸಕ್ಕಿಯ ಹಾಲಿಗೆ ಏನನ್ನು ಹಾಕಬೇಕು? ಹೆಂಗಸರ ಮುಖ ಸಣ್ಣದಾಯಿತು. ಆಗ ನೀವು ಕಂಬದ ಹಿಂದಿನಿಂದ ಕ್ಲೆಮೆಂಟನನ್ನು, ಅವನ ಕೈಯಲ್ಲಿ ಹಸಿರು ತೆನೆಯ ಕಟ್ಟನ್ನು ಹೊರಗೆ ತಂದಿರಿ. "ಮಂಜು ಬರ್ತದೆ ಅಂತ ನಂಗೆ ಗೊತ್ತಿತ್ತಲ್ಲ. ಒಂದು ದಿನ ಮೊದ್ಲೇ ಬಾ ಮಾರಾಯ ಅಂತ ಟಿಕೆಟ್ ಬದಲು ಮಾಡಿಸಿದೆ."

ಚಪ್ಪಾಳೆ! ಇಗರ್ಜಿಯಲ್ಲಿ! ಫಾದರ್ ಕೂಡ ತಟ್ಟಿದರು. ಚಳಿ ಎಲ್ಲಿ ಎಂದು ಒಬ್ಬ ಹುಡುಗ ಕೇಳಿದ್ದಕ್ಕೆ ನಿಮ್ಮ ಉತ್ತರ: "ಮಂಜು ಜಾಸ್ತಿ ಆಯ್ತು ಮಗಾ, ಪಾಪ ಗಾಳಿಗೆ ದಾರಿ ಕಾಣ್ಲಿಲ್ಲ." ಸ್ವೆಟರ್ ಹಿಂಡಿದರೆ ನೀರು ಬರುವಷ್ಟು ಬೆವತಿದ್ದ ಜನ ಅದನ್ನೂ ನಂಬಿದರು. ನಾನು ಮಧ್ಯಾಹ್ನ ಬಾಳೆಎಲೆಯ ಮುಂದೆ ಕೂತು ಅಲಸಂಡೆ ಪಲ್ಯವನ್ನು ಹಗೆಯಂತೆ ಜಗಿದೆ.

ಆದರೆ ಸೇಡು ಸತ್ತಿಲ್ಲ, ಪ್ರಭುಗಳೇ. ಡಿಸೆಂಬರಿನಲ್ಲಿ ಮಮ್ಮಿ ವಿಸಿಟ್ ವೀಸಾದಲ್ಲಿ ಬರುತ್ತಿದ್ದಾಳೆ. ಕ್ರಿಸ್‌ಮಸ್‌ಗೆ ಮೊದಲಿನ ಶುಕ್ರವಾರ ಅದೇ ಬಯಲಿನಲ್ಲಿ ನಾಟಕ. ಅಬ್ದುಲ್ಲ ಆಗಲೇ ಹೂಂ ಅಂದಿದ್ದಾನೆ. ನನ್ನ ತೀರ್ಪು ಹೀಗಿದೆ. ಆ ದಿನ ಆಕಾಶವೇ ಹರಿದು ಬೀಳುತ್ತಿದ್ದರೂ ನೀವು ಎದ್ದು ನಿಂತು, ಹವೆ ಚಂದ ಉಂಟು, ಎಲ್ಲರೂ ಬನ್ನಿ ಎಂದು ಸಾರಬೇಕು. ಒಂದು ಕುರ್ಚಿಯೂ ಖಾಲಿ ಇರಕೂಡದು. ಅಷ್ಟೇ ಅಲ್ಲ, ಸಾಹುಕಾರ್ತಿಯ ಹತ್ತಿರ ಬೈಸಿಕೊಳ್ಳುವ ಆಳಿನ ಪಾತ್ರ ನಿಮ್ಮದು. ಮೀಸೆ ಬೋಳಿಸಬೇಕಾಗುತ್ತದೆ. ಒಪ್ಪದಿದ್ದರೆ ಡಾಕ್ಟರ್ ಅಬ್ದುಲ್ ಅಜೀಜರ ಜನ್ಮರಹಸ್ಯವನ್ನು ಚಹಾದ ಹೊತ್ತಿನಲ್ಲಿ ನಾನೇ ಗಟ್ಟಿಯಾಗಿ ಓದುತ್ತೇನೆ. ಕುಸ್ವಾರಿನ ವಿಳಾಸವಂತೂ ಈಗ ನಿಮಗೆ ಗೊತ್ತಾಯಿತು.

ನಿಮ್ಮ ಮೀಸೆಯ ಅಂತ್ಯಕ್ಕಾಗಿ ಕಾಯುತ್ತಿರುವ,
ಕೊಲ್ಲಿ ವಲಯದ ಪ್ರಧಾನ ನಿರ್ದೇಶಕ,
ಓಲಿವರ್

ತಾ.ಕ.: ಒಂದು ವಿಷಯ. ಯಾರಿಗೂ ಹೇಳಬೇಡಿ, ಆಂಟಿಗೂ ಬೇಡ. ಆ ಮುನ್ನೋಟ ನಾನೇ ಟೈಪ್ ಮಾಡಿದ್ದು, ಪೂರ್ತಿ ಸುಳ್ಳು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ನೀವು ಕಣ್ಣು ಅರ್ಧ ಮುಚ್ಚಿ ಅದನ್ನು ಓದಿದ ಮೇಲೆ ಯಾಕೋ ಧೈರ್ಯ ಸಾಲಲಿಲ್ಲ. ಹಬ್ಬದ ದಿನ ಅಂಗಿಯ ಒಳಗೆ ನಾನೂ ಮಮ್ಮಿ ಹೆಣೆದ ಸ್ವೆಟರ್ ಹಾಕಿಕೊಂಡಿದ್ದೆ. ಬೆನ್ನ ತುಂಬ ಬೆವರುಸಾಲೆ ಎದ್ದಿದೆ. ಅದಕ್ಕೇ ಕೇಳುತ್ತೇನೆ ಅಂಕಲ್, ತೀರ್ಪು ಗೀರ್ಪು ಆಚೆಗಿರಲಿ: ಡಿಸೆಂಬರಿನ ಆ ಶುಕ್ರವಾರ ನಿಜಕ್ಕೂ ಗಾಳಿ ಬರುತ್ತದೆಯೇ? ಸ್ವಲ್ಪ ನೋಡಿ ಹೇಳಿ. ಬೇರೆ ಯಾರು ಹೇಳಿದರೂ ನನಗೆ ನಂಬಿಕೆ ಬರುವುದಿಲ್ಲ.